ಯಾವ ಕಡೆಯಿಂದ ಕೇಳಿದರೂ ಎರಡೇ ಉತ್ತರ

ಪಿಯುಸಿಯಲ್ಲಿ ವಿಜ್ಞಾನ ಓದಿದವರೆಲ್ಲರೂ ಎಲೆಕ್ಟ್ರಾನ್‌ಗಳನ್ನು ಬಾಣಗಳಾಗಿ ಬರೆದಿರುತ್ತಾರೆ. ಚೌಕದೊಳಗೆ ಒಂದು ಮೇಲ್ಮುಖ ಬಾಣ, ಪಕ್ಕದಲ್ಲಿ ಒಂದು ಕೆಳಮುಖ ಬಾಣ. ಬಾಣ ತೋರಿಸುವುದು ಎಲೆಕ್ಟ್ರಾನಿನ ‘ಸ್ಪಿನ್’ ಎಂಬ ಗುಣದ ದಿಕ್ಕನ್ನು. ಒಂದೇ ಚೌಕದಲ್ಲಿ ಎರಡೂ ಮೇಲ್ಮುಖವಾದರೆ ಅಂಕ ಹೋಯಿತು. ಇಷ್ಟೆಲ್ಲ ಬಾಣ ಬರೆದರೂ ತರಗತಿಯಲ್ಲಿ ಯಾರೂ ಕೇಳದೆ ಬಿಡುವ ಪ್ರಶ್ನೆಯೊಂದಿದೆ: ಮೇಲೆ ಎಂದರೆ ಎತ್ತ? ಬೆಂಗಳೂರಿನಲ್ಲಿ ನಿಂತವರ ನೆತ್ತಿಯ ಮೇಲಿನ ದಿಕ್ಕು ಬೇರೆ, ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ನಿಂತವರದು ಬೇರೆ. ಎಲೆಕ್ಟ್ರಾನಿಗೆ ನೆಲವೂ ಗೊತ್ತಿಲ್ಲ, ಛಾವಣಿಯೂ ಗೊತ್ತಿಲ್ಲ. ಪುಸ್ತಕವನ್ನು ಅಡ್ಡ ತಿರುಗಿಸಿದರೆ ಆ ಬಾಣಗಳು ಎಡಕ್ಕೂ ಬಲಕ್ಕೂ ಮುಖ ಮಾಡುತ್ತವೆ. ಹಾಗೆ ಬರೆದರೆ ತಪ್ಪೇ?

ತಪ್ಪಲ್ಲ. ಮೇಲೆ ಎಂಬುದು ಅಳೆಯುವವರು ಆರಿಸಿಕೊಂಡ ದಿಕ್ಕು, ಅಷ್ಟೇ. ಬೇಕಾದರೆ ಪೂರ್ವ-ಪಶ್ಚಿಮವಾಗಿ ಅಳೆಯಬಹುದು, ಓರೆಯಾಗಿ ಅಳೆಯಬಹುದು. ಯಾವ ದಿಕ್ಕನ್ನು ಆರಿಸಿಕೊಂಡರೂ ಎಲೆಕ್ಟ್ರಾನ್ ಎರಡರಲ್ಲಿ ಒಂದು ಉತ್ತರ ಕೊಡುತ್ತದೆ: ಆ ದಿಕ್ಕಿಗೆ, ಇಲ್ಲವೇ ಅದಕ್ಕೆ ನೇರ ವಿರುದ್ಧ ದಿಕ್ಕಿಗೆ. ನಡುವಿನ ಉತ್ತರವೇ ಇಲ್ಲ. ಇಲ್ಲಿಯವರೆಗೆ ಇದು ಬರೀ ವಿಚಿತ್ರ. ವಿಚಿತ್ರಕ್ಕಿಂತ ಗಂಭೀರವಾದ ವಿಷಯ ಮುಂದಿದೆ. ಒಂದು ಎಲೆಕ್ಟ್ರಾನ್ ಒಂದು ಹೊತ್ತಿಗೆ ಒಂದೇ ಒಂದು ಅಕ್ಷದ ಪ್ರಶ್ನೆಗೆ ಖಚಿತ ಉತ್ತರವನ್ನು ಹೊತ್ತಿರಬಲ್ಲದು. ಉಳಿದ ಅಕ್ಷಗಳ ಉತ್ತರ ‘ಇದೆ, ಆದರೆ ನಮಗೆ ತಿಳಿಯದು’ ಎಂಬ ಬಗೆಯದಲ್ಲ. ಅಳೆಯುವ ಮುನ್ನ ಅದು ಇರುವುದೇ ಇಲ್ಲ. ಈ ‘ಇಲ್ಲ’ವನ್ನು ಪ್ರಯೋಗದಿಂದ ಗಟ್ಟಿಯಾಗಿ ಹೇಳಲು ಭೌತವಿಜ್ಞಾನಕ್ಕೆ ತೊಂಬತ್ತಕ್ಕೂ ಹೆಚ್ಚು ವರ್ಷ ಹಿಡಿಯಿತು.

ಫ್ರಾಂಕ್‌ಫರ್ಟ್‌ನ ಬೆಳ್ಳಿ

ಮೊದಲ ಮಹಾಯುದ್ಧ ಸೋತ ಜರ್ಮನಿಯಲ್ಲಿ ಹಣಕ್ಕೆ ಬೆಲೆಯಿಲ್ಲದ ಕಾಲ ಅದು. 1921ರಲ್ಲಿ ಫ್ರಾಂಕ್‌ಫರ್ಟ್‌ನ ಒಟ್ಟೊ ಸ್ಟರ್ನ್ ಒಂದು ಪ್ರಯೋಗವನ್ನು ಸೂಚಿಸಿದರು. ಕೈಕೆಲಸದಲ್ಲಿ ಪಳಗಿದ ವಾಲ್ಟರ್ ಗೆರ್ಲಾಖ್ ಜೊತೆಯಾದರು. ಅಲ್ಲಿಯೇ ಪ್ರಾಧ್ಯಾಪಕರಾಗಿದ್ದ ಮ್ಯಾಕ್ಸ್ ಬಾರ್ನ್ ಐನ್‌ಸ್ಟೈನರ ಸಾಪೇಕ್ಷತೆಯ ಮೇಲೆ ಟಿಕೆಟ್ ಇಟ್ಟು ಸಾರ್ವಜನಿಕ ಉಪನ್ಯಾಸ ಮಾಡಿ ದುಡ್ಡು ಕೂಡಿಸಿಕೊಟ್ಟರು. ಸಾಪೇಕ್ಷತೆಯ ಜನಪ್ರಿಯತೆ ಕ್ವಾಂಟಮ್ ಪ್ರಯೋಗದ ಖರ್ಚಿಗೆ ಒದಗಿತು ಎನ್ನಬಹುದು.

ಪ್ರಯೋಗದ ಏರ್ಪಾಡು ಹೀಗಿತ್ತು. ನಿರ್ವಾತದಲ್ಲಿಟ್ಟ ಪುಟ್ಟ ಕುಲುಮೆಯಲ್ಲಿ ಬೆಳ್ಳಿಯನ್ನು ಸುಮಾರು 1000 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸುತ್ತಾರೆ. ಆವಿಯಾದ ಪರಮಾಣುಗಳು ಕಿರಿದಾದ ಸೀಳುಕಂಡಿಗಳಲ್ಲಿ ತೂರಿ ತೆಳುವಾದ ಕಿರಣವಾಗುತ್ತವೆ. ಆ ಕಿರಣ ಎರಡು ಕಾಂತಧ್ರುವಗಳ ನಡುವೆ ಸಾಗುತ್ತದೆ. ಧ್ರುವಗಳಲ್ಲಿ ಒಂದು ಚಾಕುವಿನ ಅಲಗಿನಂತೆ ಚೂಪು, ಇನ್ನೊಂದು ತೋಡು ಕೊರೆದಂತೆ ಅಗಲ. ಹೀಗಿರುವುದರಿಂದ ಚೂಪಾದ ಧ್ರುವದ ಬಳಿ ಕಾಂತಕ್ಷೇತ್ರ ಬಲವಾಗಿಯೂ ಎದುರು ಬದಿಯಲ್ಲಿ ದುರ್ಬಲವಾಗಿಯೂ ಇರುತ್ತದೆ. ಎಲ್ಲೆಡೆ ಸಮನಾದ ಕ್ಷೇತ್ರವಾದರೆ ಅದು ಪುಟ್ಟ ಕಾಂತವನ್ನು ತಿರುಗಿಸುತ್ತದೆಯೇ ಹೊರತು ಎಳೆಯುವುದಿಲ್ಲ. ಎಳೆಯಬೇಕಾದರೆ ಕ್ಷೇತ್ರದಲ್ಲಿ ಏರಿಳಿತ ಬೇಕು. ಕೊನೆಗೆ ಗಾಜಿನ ಫಲಕದ ಮೇಲೆ ಬೆಳ್ಳಿ ಕೂರುತ್ತದೆ. ಎಲ್ಲಿ ಕೂತಿತು ಎಂಬುದೇ ಫಲಿತಾಂಶ.

ಬರೀ ಎಲೆಕ್ಟ್ರಾನ್‌ಗಳನ್ನೇ ಹಾಯಿಸಬಾರದಿತ್ತೇ? ಎಲೆಕ್ಟ್ರಾನಿಗೆ ವಿದ್ಯುದಾವೇಶ ಇದೆ. ಕಾಂತಕ್ಷೇತ್ರದಲ್ಲಿ ಚಲಿಸಿದರೆ ಆವೇಶದ ಕಾರಣಕ್ಕೇ ಅದು ಬಾಗಿಬಿಡುತ್ತದೆ, ಒಳಗಿನ ಸೂಕ್ಷ್ಮ ಕಾಂತತ್ವದ ಪರಿಣಾಮ ಅದರಲ್ಲಿ ಮುಳುಗಿಹೋಗುತ್ತದೆ. ಬೆಳ್ಳಿಯ ಪರಮಾಣುವಿಗೆ ಒಟ್ಟಾರೆ ಆವೇಶವಿಲ್ಲ. ಅದರ 47 ಎಲೆಕ್ಟ್ರಾನ್‌ಗಳಲ್ಲಿ 46ರ ಕಾಂತತ್ವ ಪರಸ್ಪರ ರದ್ದಾಗಿ, ಹೊರಗಿನ ಒಂದೇ ಒಂದು ಎಲೆಕ್ಟ್ರಾನಿನದು ಉಳಿಯುತ್ತದೆ. ಆ ಒಂದು ಎಲೆಕ್ಟ್ರಾನನ್ನು ಹೊತ್ತು ತರಲು ಇಡೀ ಪರಮಾಣು ಬೇಕಾಯಿತು.

ಈಗ ಏನು ನಿರೀಕ್ಷಿಸಬೇಕು? ಇಲ್ಲಿ ಒಂದು ಹೋಲಿಕೆ ನೆರವಾಗುತ್ತದೆ. ಕೈಯಲ್ಲಿ ಒಂದು ಕೋಲು ಹಿಡಿದು, ಎದುರಿನ ಗೋಡೆಯ ಮೇಲೆ ಬೀಳುವ ನೆರಳಿನ ಎತ್ತರವನ್ನು ಅಳೆಯಿರಿ. ಕೋಲು ನೆಟ್ಟಗಿದ್ದರೆ ನೆರಳು ಪೂರ್ತಿ ಉದ್ದ. ಓರೆ ಮಾಡಿದಂತೆ ಕುಗ್ಗುತ್ತದೆ. ಅಡ್ಡ ಮಲಗಿಸಿದರೆ ಎತ್ತರ ಸೊನ್ನೆ. ಪುಟ್ಟ ಕಾಂತದ ಮೇಲಿನ ಎಳೆತವೂ ಹೀಗೆಯೇ, ಕ್ಷೇತ್ರದ ದಿಕ್ಕಿನಲ್ಲಿ ಅದರ ‘ನೆರಳು’ ಎಷ್ಟೋ ಅಷ್ಟು. ಕುಲುಮೆಯಿಂದ ಹೊರಡುವ ಪರಮಾಣುಗಳು ಎಲ್ಲ ದಿಕ್ಕುಗಳಿಗೂ ಮುಖ ಮಾಡಿರುತ್ತವೆ. ಆದ್ದರಿಂದ ಗಾಜಿನ ಮೇಲೆ ಬೆಳ್ಳಿಯ ಉದ್ದನೆಯ ಒಂದು ಪಟ್ಟೆ ಹರಡಿಕೊಳ್ಳಬೇಕು.

ಹರಡಿಕೊಳ್ಳಲಿಲ್ಲ. ಕಿರಣ ಎರಡಾಗಿ ಸೀಳಿತ್ತು. ಎರಡು ಗೆರೆಗಳ ನಡುವಿನ ಅಂತರ ಸುಮಾರು 0.2 ಮಿಲಿಮೀಟರ್ ಅಷ್ಟೇ, ಆದರೆ ನಡುವೆ ಖಾಲಿ. ಬೆಳ್ಳಿಯ ಲೇಪ ಎಷ್ಟು ತೆಳುವಾಗಿತ್ತೆಂದರೆ ಮೊದಲಿಗೆ ಕಣ್ಣಿಗೇ ಬೀಳಲಿಲ್ಲವಂತೆ. ತಾನು ಸೇದುತ್ತಿದ್ದ ಅಗ್ಗದ ಸಿಗಾರಿನ ಹೊಗೆಯಲ್ಲಿದ್ದ ಗಂಧಕ ತಾಗಿ ಬೆಳ್ಳಿ ಕಪ್ಪಾಯಿತು, ಆಗ ಗೆರೆ ಮೂಡಿತು ಎಂದು ಸ್ಟರ್ನ್ ದಶಕಗಳ ನಂತರ ಹೇಳಿಕೊಂಡಿದ್ದಾರೆ. ಗೆರ್ಲಾಖ್ ಆ ಫಲಕದ ಚಿತ್ರವನ್ನು 1922ರ ಫೆಬ್ರುವರಿ 8ರ ಅಂಚೆಕಾರ್ಡಿನಲ್ಲಿ ನೀಲ್ಸ್ ಬೋರ್ ಅವರಿಗೆ ಕಳುಹಿಸಿ, ನಿಮ್ಮ ಸಿದ್ಧಾಂತ ನಿಜವಾಯಿತೆಂದು ಅಭಿನಂದಿಸಿದರು.

ಆ ಅಭಿನಂದನೆ ತಪ್ಪು ವಿಳಾಸಕ್ಕೆ ಹೋಗಿತ್ತು. ಅಂದಿನ ಬೋರ್ ಸಿದ್ಧಾಂತ ಎರಡು ಗೆರೆಗಳನ್ನು ನಿರೀಕ್ಷಿಸಿದ್ದು ಎಲೆಕ್ಟ್ರಾನ್ ಕಕ್ಷೆಯಲ್ಲಿ ಸುತ್ತುವುದರಿಂದ ಹುಟ್ಟುವ ಕಾಂತತ್ವದ ಲೆಕ್ಕದಲ್ಲಿ. ಬೆಳ್ಳಿಯ ಆ ಹೊರ ಎಲೆಕ್ಟ್ರಾನಿಗೆ ಅಂಥ ಕಕ್ಷೀಯ ಕಾಂತತ್ವವೇ ಇಲ್ಲ. ಅವರು ಕಂಡದ್ದು ಸ್ಪಿನ್. ಅದಕ್ಕೆ ಆಗ ಹೆಸರೂ ಇರಲಿಲ್ಲ. ನೆದರ್ಲೆಂಡ್ಸ್‌ನ ಲೈಡನ್‌ನ ಇಬ್ಬರು ಯುವಕರು, ಜಾರ್ಜ್ ಊಲೆನ್‌ಬೆಕ್ ಮತ್ತು ಸ್ಯಾಮುಯೆಲ್ ಗೌಡ್‌ಸ್ಮಿಟ್, 1925ರಲ್ಲಿ ಬೇರೆಯದೇ ಕಾರಣಕ್ಕೆ, ಪರಮಾಣುಗಳು ಸೂಸುವ ಬೆಳಕಿನ ಗೆರೆಗಳನ್ನು ವಿವರಿಸಲು, ಎಲೆಕ್ಟ್ರಾನಿಗೆ ತನ್ನದೇ ಆದ ಕೋನೀಯ ಸಂವೇಗ ಇದೆ ಎಂದರು. ಹಿರಿಯ ಭೌತವಿಜ್ಞಾನಿ ಲೊರೆಂಟ್ಸ್ ಲೆಕ್ಕ ಹಾಕಿ, ಎಲೆಕ್ಟ್ರಾನ್ ನಿಜಕ್ಕೂ ತನ್ನ ಸುತ್ತ ತಿರುಗುವ ಗೋಲವಾದರೆ ಅದರ ಮೈ ಬೆಳಕಿಗಿಂತ ವೇಗವಾಗಿ ಸುತ್ತಬೇಕಾಗುತ್ತದೆ ಎಂದು ತೋರಿಸಿದರು. ಆಕ್ಷೇಪ ಸರಿಯಾಗಿತ್ತು, ಸ್ಪಿನ್ ಕೂಡ ಸರಿಯಾಗಿತ್ತು. ಅಲ್ಲಿ ಯಾವುದೂ ಸುತ್ತುತ್ತಿಲ್ಲ. ಸುತ್ತುವ ವಸ್ತುವಿಗೆ ಇರುವಂಥ ಸಂವೇಗ ಮಾತ್ರ ಇದೆ. ಆದರೂ ಜನಪ್ರಿಯ ವಿಜ್ಞಾನದ ವಿಡಿಯೊಗಳು ಗಿರಗಿರನೆ ತಿರುಗುವ ನೀಲಿ ಚೆಂಡನ್ನು ತೋರಿಸುವುದನ್ನು ಬಿಟ್ಟಿಲ್ಲ. ಚೆಂಡು ತಿರುಗುವ ಅಕ್ಷ ಎಂದಿದ್ದರೆ ಅದರ ನೆರಳೂ ಕುಗ್ಗಬೇಕಲ್ಲ?

ಸರಾಸರಿಯಲ್ಲಿ ಸಿಗುವ ನೆರಳು

ಫ್ರಾಂಕ್‌ಫರ್ಟ್‌ನ ಫಲಕ ಹೇಳಿದ್ದು ಇಷ್ಟು: ಕೋಲನ್ನು ಹೇಗೆ ಹಿಡಿದರೂ ನೆರಳು ಯಾವಾಗಲೂ ಪೂರ್ತಿ ಉದ್ದ, ಒಂದೋ ಮೇಲ್ಮುಖ, ಇಲ್ಲವೇ ಕೆಳಮುಖ. ಕಾಂತವನ್ನು 90 ಡಿಗ್ರಿ ಹೊರಳಿಸಿ ಅಡ್ಡಲಾಗಿಟ್ಟರೆ ಕಿರಣ ಎಡ-ಬಲಕ್ಕೆ ಅಷ್ಟೇ ಅಂತರದಲ್ಲಿ ಸೀಳುತ್ತದೆ. 37 ಡಿಗ್ರಿ ಓರೆಯಾಗಿಟ್ಟರೆ ಆ ಓರೆಯಲ್ಲಿ ಸೀಳುತ್ತದೆ. ಹಾಗಾದರೆ ಎಲೆಕ್ಟ್ರಾನಿಗೆ ದಿಕ್ಕು ಎಂಬುದಕ್ಕೆ ಅರ್ಥವೇ ಇಲ್ಲವೇ?

ಇದೆ. ಮೇಲಿನ ಗೆರೆಗೆ ಹೋದ ಪರಮಾಣುಗಳನ್ನು ಮಾತ್ರ ಉಳಿಸಿಕೊಂಡು, ಕೆಳಗಿನವನ್ನು ತಡೆದುಬಿಡಿ. ಈಗ ನಮ್ಮ ಬಳಿ ಇರುವುದು ‘ಮೇಲೆ’ ಎಂದು ಸಿದ್ಧಪಡಿಸಿದ ಗುಂಪು. ಇವನ್ನು ಮತ್ತೊಂದು ಲಂಬ ಕಾಂತದಲ್ಲಿ ಹಾಯಿಸಿದರೆ ಪ್ರತಿಯೊಂದೂ ಮೇಲೆಯೇ ಹೋಗುತ್ತದೆ. ಎರಡನೆಯ ಕಾಂತವನ್ನು ಸ್ವಲ್ಪ ಓರೆ ಮಾಡಿದರೆ ಹೆಚ್ಚಿನವು ಓರೆಯ ಕಡೆಗೆ, ಕೆಲವು ಅದರ ವಿರುದ್ಧಕ್ಕೆ ಹೋಗುತ್ತವೆ. ಯಾವುದು ಎತ್ತ ಎಂದು ಮುಂಚಿತವಾಗಿ ಹೇಳಲಾಗದು. ಎಷ್ಟು ಪಾಲು ಎತ್ತ ಎಂದು ಮಾತ್ರ ಹೇಳಬಹುದು.

ಆ ಪಾಲನ್ನು ಲೆಕ್ಕ ಹಾಕಲು ದೊಡ್ಡ ಗಣಿತ ಬೇಕಿಲ್ಲ. ಒಂದು ಕಡೆಯ ಉತ್ತರಕ್ಕೆ +1, ವಿರುದ್ಧ ಉತ್ತರಕ್ಕೆ −1 ಎಂದಿಟ್ಟುಕೊಳ್ಳಿ. ಒಂದೇ ದಿಕ್ಕಿಗೆ ಸಿದ್ಧಪಡಿಸಿದ ಕೋಟ್ಯಂತರ ಎಲೆಕ್ಟ್ರಾನ್‌ಗಳನ್ನು ಒಟ್ಟು ಸೇರಿಸಿದರೆ ಅದು ನಮಗೆ ಪರಿಚಯವಿರುವ ಸಾಮಾನ್ಯ ಕಾಂತ. ಸಾಮಾನ್ಯ ಕಾಂತದ ನೆರಳು ಓರೆಯ ಕೋನದ ಕೊಸೈನ್‌ಗೆ ತಕ್ಕಂತೆ ಕುಗ್ಗಲೇಬೇಕು. ಬಿಡಿ ಉತ್ತರಗಳು +1 ಮತ್ತು −1 ಮಾತ್ರ, ಅವುಗಳ ಸರಾಸರಿ ಮಾತ್ರ ಕೊಸೈನ್ ಆಗಬೇಕು. ಈ ಎರಡನ್ನೂ ಒಟ್ಟಿಗೆ ಸಾಧಿಸಲು ಒಂದೇ ದಾರಿ: +1 ಬರುವ ಸಂಭವನೀಯತೆ, 1ಕ್ಕೆ ಕೊಸೈನನ್ನು ಕೂಡಿಸಿ ಅರ್ಧ ಮಾಡಿದಷ್ಟು ಇರಬೇಕು.

ಕೋನ 0 ಆದರೆ ನೂರಕ್ಕೆ ನೂರು. 60 ಡಿಗ್ರಿ ಆದರೆ ನೂರಕ್ಕೆ 75. 90 ಡಿಗ್ರಿಗೆ ಸರಿಯಾಗಿ ಅರ್ಧ. 120 ಡಿಗ್ರಿಗೆ ನೂರಕ್ಕೆ 25. ಕಾಂತವನ್ನು ತಲೆಕೆಳಗು ಮಾಡಿ 180 ಡಿಗ್ರಿ ಮಾಡಿದರೆ ಸೊನ್ನೆ. ಇದನ್ನೇ ಪಠ್ಯಪುಸ್ತಕಗಳು ‘ಅರ್ಧ ಕೋನದ ಕೊಸೈನ್‌ನ ವರ್ಗ’ ಎಂದು ಬರೆಯುತ್ತವೆ. ತ್ರಿಕೋನಮಿತಿಯ ಒಂದು ಹೆಜ್ಜೆ ಹಾಕಿದರೆ ಎರಡೂ ಒಂದೇ. ನೆರಳು ನಾಶವಾಗಿಲ್ಲ, ಬಿಡಿ ಎಲೆಕ್ಟ್ರಾನಿನಿಂದ ಗುಂಪಿನ ಸರಾಸರಿಗೆ ಸ್ಥಳಾಂತರಗೊಂಡಿದೆ. ಸ್ಪಿನ್ ಬಗ್ಗೆ ಒಂದೇ ಒಂದು ಸೂತ್ರ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ. ಮುಂದಿನದೆಲ್ಲ ಇದರ ಫಲವೇ.

ಆ ‘ಅರ್ಧ ಕೋನ’ ಸುಮ್ಮನೆ ಬಂದದ್ದಲ್ಲ. ಎಲೆಕ್ಟ್ರಾನಿನ ಸ್ಥಿತಿಯನ್ನು ಬಣ್ಣಿಸುವ ಗಣಿತ ನಿಜವಾದ ಕೋನದ ಅರ್ಧವನ್ನಷ್ಟೇ ನೋಡುತ್ತದೆ. ಹೀಗಾಗಿ ಎಲೆಕ್ಟ್ರಾನನ್ನು ಪೂರ್ತಿ 360 ಡಿಗ್ರಿ ತಿರುಗಿಸಿದರೂ ಅದರ ಸ್ಥಿತಿಯ ಚಿಹ್ನೆ ಬದಲಾಗಿರುತ್ತದೆ, ಮೊದಲಿನಂತಾಗಲು 720 ಡಿಗ್ರಿ ಬೇಕು. ಇದು ಬರೀ ಕಾಗದದ ಮೇಲಿನ ಚಮತ್ಕಾರ ಎಂದು ಬಹುಕಾಲ ಅಂದುಕೊಂಡಿದ್ದರು. ಅದೇ ಬಗೆಯ ಸ್ಪಿನ್ ಇರುವ ನ್ಯೂಟ್ರಾನ್‌ಗಳ ಕಿರಣವನ್ನು ಎರಡಾಗಿ ಒಡೆದು, ಒಂದು ಕವಲನ್ನು ಮಾತ್ರ ಕಾಂತಕ್ಷೇತ್ರದಲ್ಲಿ ತಿರುಗಿಸಿ, ಮತ್ತೆ ಕೂಡಿಸಿ 1975ರಲ್ಲಿ ಇದನ್ನು ನೇರವಾಗಿ ಕಂಡರು.

ಇಲ್ಲಿ ಬೆಂಗಳೂರಿನ ಒಂದು ನಂಟನ್ನು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಬೆಳಕಿನ ಧ್ರುವೀಕರಣವೂ, ಅಂದರೆ ಬೆಳಕಿನ ಅಲೆ ಕಂಪಿಸುವ ರೀತಿಯೂ, ಎರಡೇ ಉತ್ತರಗಳ ವ್ಯವಸ್ಥೆ. ಪೋಲರಾಯ್ಡ್ ಹಾಳೆಯಲ್ಲಿ ಬೆಳಕಿನ ಒಂದು ಕಣ ಒಂದೋ ದಾಟುತ್ತದೆ, ಇಲ್ಲವೇ ನಿಲ್ಲುತ್ತದೆ. ಆದ್ದರಿಂದ ಧ್ರುವೀಕರಣದ ಎಲ್ಲ ಸ್ಥಿತಿಗಳನ್ನೂ ಎಲೆಕ್ಟ್ರಾನ್ ಸ್ಪಿನ್‌ನ ದಿಕ್ಕುಗಳಂತೆ ಒಂದು ಗೋಲದ ಮೇಲಿನ ಬಿಂದುಗಳಾಗಿ ಗುರುತಿಸಬಹುದು. ರಾಮನ್ ಸಂಶೋಧನಾ ಸಂಸ್ಥೆಯಲ್ಲಿದ್ದ ಎಸ್. ಪಂಚರತ್ನಂ, ಇಪ್ಪತ್ತೆರಡರ ಹರೆಯದಲ್ಲಿ, 1956ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಆ ಗೋಲದ ಮೇಲೆ ಒಂದು ಸುತ್ತು ಹಾಕಿ ಬಂದ ಬೆಳಕಿನ ಅಲೆ ಎಷ್ಟು ಸರಿಯುತ್ತದೆ ಎಂದು ತೋರಿಸಿದರು: ಸುತ್ತು ಆವರಿಸಿದ ಘನಕೋನದ (ಗೋಲದ ನಡುವಿನಿಂದ ನೋಡಿದಾಗ ಆ ಸುತ್ತಿನೊಳಗಿನ ಹರವಿನ ಅಳತೆ) ಸರಿಯಾಗಿ ಅರ್ಧ. ಅದೇ ಅರ್ಧ. 1984ರಲ್ಲಿ ಮೈಕೆಲ್ ಬೆರ್ರಿ ಕ್ವಾಂಟಮ್ ವ್ಯವಸ್ಥೆಗಳಿಗೆಲ್ಲ ಅನ್ವಯಿಸುವಂತೆ ಇಂಥದೇ ಫಲಿತಾಂಶ ಕಂಡುಕೊಂಡ ಮೇಲೆ, ಪಂಚರತ್ನಂ ಅವರ ಹಳೆಯ ಪ್ರಬಂಧದತ್ತ ಬೆಂಗಳೂರಿನ ವಿಜ್ಞಾನಿಗಳು ಜಗತ್ತಿನ ಗಮನ ಸೆಳೆದರು. ಅಷ್ಟು ಹೊತ್ತಿಗೆ ಪಂಚರತ್ನಂ ತೀರಿಕೊಂಡು ಹದಿನೈದು ವರ್ಷ ದಾಟಿತ್ತು.

ಕೇಳಿದ್ದನ್ನೇ ಮತ್ತೆ ಕೇಳಿದಾಗ

ಈಗ ಮೂರು ಕಾಂತಗಳನ್ನು ಸಾಲಾಗಿ ಇಡೋಣ. ಮೊದಲನೆಯದು ಲಂಬ: ‘ಮೇಲೆ’ ಎಂದು ಬಂದವನ್ನು ಉಳಿಸಿಕೊಳ್ಳುತ್ತೇವೆ. ಎರಡನೆಯದು ಅಡ್ಡ: ಅರ್ಧ ಬಲಕ್ಕೆ, ಅರ್ಧ ಎಡಕ್ಕೆ ಹೋಗುತ್ತವೆ, ಬಲಕ್ಕೆ ಹೋದವನ್ನು ಉಳಿಸಿಕೊಳ್ಳುತ್ತೇವೆ. ನಮ್ಮ ಕೈಯಲ್ಲಿರುವ ಪ್ರತಿಯೊಂದೂ ‘ಮೇಲೆ’ ಎಂದೂ ಹೇಳಿದೆ, ‘ಬಲ’ ಎಂದೂ ಹೇಳಿದೆ. ಮೂರನೆಯದು ಮತ್ತೆ ಲಂಬ. ಮೇಲೆ ಎಂದು ಆಗಲೇ ಹೇಳಿದ್ದವು ಮೇಲೆಯೇ ಹೋಗಬೇಕು.

ಅರ್ಧದಷ್ಟು ಕೆಳಗೆ ಹೋಗುತ್ತವೆ. ‘ಕೆಳಗೆ’ ಎಂದವನ್ನೆಲ್ಲ ಮೊದಲ ಕಾಂತದಲ್ಲೇ ತಡೆದಿದ್ದೆವು, ಆದರೂ ಕೆಳಗೆ ಹೋಗುವವು ಮತ್ತೆ ಹುಟ್ಟಿವೆ. ಅಡ್ಡ ಅಕ್ಷದ ಪ್ರಶ್ನೆ ಕೇಳಿದ ಕ್ಷಣಕ್ಕೆ ಲಂಬ ಅಕ್ಷದ ಉತ್ತರ ಅಳಿಸಿಹೋಗಿದೆ. ಮೂರು ಆಯಾಮಗಳಲ್ಲಿ ಪರಸ್ಪರ ಲಂಬವಾದ ಮೂರು ಅಕ್ಷಗಳಿವೆಯಲ್ಲ, ಅವುಗಳಲ್ಲಿ ಒಂದು ಖಚಿತವಾದರೆ ಉಳಿದೆರಡು ಪೂರ್ತಿ ಅನಿಶ್ಚಿತ. ಅರ್ಧಂಬರ್ಧ ಅನಿಶ್ಚಿತವೂ ಅಲ್ಲ. ಐವತ್ತು-ಐವತ್ತು, ಅದಕ್ಕಿಂತ ಅಜ್ಞಾನ ಸಾಧ್ಯವಿಲ್ಲ. ಕಾಂತಗಳನ್ನು ಹೀಗೆ ಒಂದರ ಮುಂದೊಂದು ಇಡುವ ಪ್ರಯತ್ನ 1930ರ ದಶಕದ ಆರಂಭದಲ್ಲೇ ಹ್ಯಾಂಬರ್ಗ್‌ನ ಸ್ಟರ್ನ್ ಪ್ರಯೋಗಾಲಯದಲ್ಲಿ ನಡೆದಿತ್ತು. ಇಲ್ಲಿ ಬರೆದಿರುವುದು ಪಠ್ಯಪುಸ್ತಕಗಳು ಬಳಸುವ ಚೊಕ್ಕ ರೂಪ. ನಿಜವಾದ ಉಪಕರಣಗಳಲ್ಲಿ ಒಂದು ಕಾಂತದಿಂದ ಇನ್ನೊಂದಕ್ಕೆ ಹೋಗುವಾಗ ಸ್ಪಿನ್ ದಾರಿಯಲ್ಲಿ ಹೊರಳದಂತೆ ನೋಡಿಕೊಳ್ಳುವುದೇ ದೊಡ್ಡ ತಲೆನೋವು.

ಇದೇ ಏರ್ಪಾಡನ್ನು ಸೋಸುವ ಸಾಧನವಾಗಿ ನೋಡಿದರೆ ಇನ್ನೂ ಮಜವಿದೆ. ‘ಮೇಲೆ’ ಮಾತ್ರ ಬಿಡುವ ಒಂದು ಶೋಧಕ, ಅದರ ಮುಂದೆ ‘ಕೆಳಗೆ’ ಮಾತ್ರ ಬಿಡುವ ಇನ್ನೊಂದು. ಏನೂ ದಾಟುವುದಿಲ್ಲ. ಎರಡರ ನಡುವೆ ‘ಬಲ’ ಮಾತ್ರ ಬಿಡುವ ಮೂರನೆಯ ಶೋಧಕ ತೂರಿಸಿ. ಈಗ ಮೊದಲನೆಯದನ್ನು ದಾಟಿದವುಗಳಲ್ಲಿ ಕಾಲು ಭಾಗ ಕೊನೆಯವರೆಗೂ ಬರುತ್ತದೆ. ಮೊದಲ ಶೋಧಕದ ಮುಂದೆ, ಒಂದೊಂದನ್ನೂ ಹಿಂದಿನದಕ್ಕಿಂತ 18 ಡಿಗ್ರಿ ಹೊರಳಿಸಿ, ಹತ್ತು ಶೋಧಕಗಳಲ್ಲಿ ‘ಕೆಳಗೆ’ ತಲುಪಿದರೆ ನೂರಕ್ಕೆ 78 ದಾಟುತ್ತವೆ. 1.8 ಡಿಗ್ರಿಯಂತೆ ನೂರು ಶೋಧಕ ಇಟ್ಟರೆ ನೂರಕ್ಕೆ 97ಕ್ಕೂ ಹೆಚ್ಚು. ಅಡ್ಡಿಗಳು ಹೆಚ್ಚಿದಷ್ಟೂ ದಾರಿ ಸಲೀಸು! ಅರ್ಧ ಕೋನದ ಸೂತ್ರವನ್ನು ಹಿಡಿದು ಕ್ಯಾಲ್ಕುಲೇಟರ್‌ನಲ್ಲಿ ಯಾರು ಬೇಕಾದರೂ ಇದನ್ನು ಪರೀಕ್ಷಿಸಬಹುದು. ಬರೀ ಸೋಸುವುದೇ ಆಗಿದ್ದರೆ ಶೋಧಕ ಹೆಚ್ಚಿದಂತೆ ದಾಟುವವು ಕಡಿಮೆಯಾಗಬೇಕಿತ್ತು. ಈ ಶೋಧಕಗಳು ಇರುವುದನ್ನು ಆರಿಸುತ್ತಿಲ್ಲ, ತಮ್ಮ ದಿಕ್ಕಿಗೆ ಎಲೆಕ್ಟ್ರಾನನ್ನು ಹೊಸದಾಗಿ ಸಿದ್ಧಪಡಿಸುತ್ತಿವೆ.

ಹೀಗೆಂದ ಕೂಡಲೇ ಬಹುಪಾಲು ಓದುಗರಿಗೆ ಒಂದು ಸಮಾಧಾನದ ವಿವರಣೆ ಹೊಳೆಯುತ್ತದೆ. ಎಲೆಕ್ಟ್ರಾನ್ ತೀರಾ ಚಿಕ್ಕದು, ಕಾಂತ ತೀರಾ ಒರಟು. ಅಡ್ಡ ಅಕ್ಷವನ್ನು ಅಳೆಯಲು ಹೋಗಿ ಲಂಬ ಅಕ್ಷವನ್ನು ಕಲಕಿಬಿಟ್ಟೆವು, ಅಷ್ಟೇ. ಅನೇಕ ಲೇಖನಗಳು ಇಲ್ಲಿಗೇ ನಿಲ್ಲಿಸುತ್ತವೆ. ಈ ವಿವರಣೆ ಸಾಲದು.

ಎರಡನೆಯ, ಅಡ್ಡ ಕಾಂತದಿಂದ ಹೊರಬಂದ ಎಡ ಮತ್ತು ಬಲ ಕವಲುಗಳಲ್ಲಿ ಯಾವುದನ್ನೂ ತಡೆಯಬೇಡಿ. ವಿರುದ್ಧವಾಗಿ ಎಳೆಯುವ ಕಾಂತಗಳನ್ನು ಇಟ್ಟು, ಎರಡೂ ಕವಲುಗಳನ್ನು ಜಾಗರೂಕತೆಯಿಂದ ಮತ್ತೆ ಒಂದೇ ಕಿರಣವಾಗಿ ಕೂಡಿಸಿ. ಯಾವ ಎಲೆಕ್ಟ್ರಾನ್ ಯಾವ ಕವಲಿನಲ್ಲಿ ಬಂತು ಎಂಬುದರ ಗುರುತು ಎಲ್ಲೂ ಉಳಿಯದಂತೆ ನೋಡಿಕೊಳ್ಳಿ. ಆಮೇಲೆ ಲಂಬ ಅಕ್ಷವನ್ನು ಅಳೆಯಿರಿ. ಪ್ರತಿಯೊಂದೂ ‘ಮೇಲೆ’ ಎನ್ನುತ್ತದೆ. ಒರಟು ಕಾಂತ ಅಲ್ಲಿಯೇ ಇದೆ, ಅದರ ಮೂಲಕವೇ ಎಲ್ಲವೂ ಹಾದುಬಂದಿವೆ, ಆದರೆ ಏನೂ ಕಲಕಿಲ್ಲ. ಎಡ ಕವಲಿಗೆ ಒಂದು ತಡೆ ಇಟ್ಟರೆ ಉಳಿದವುಗಳಲ್ಲಿ ಅರ್ಧ ‘ಕೆಳಗೆ’ ಎನ್ನತೊಡಗುತ್ತವೆ. ತಡೆ ತೆಗೆದು ಇನ್ನೊಂದು ದಾರಿಯನ್ನೂ ತೆರೆದರೆ ಕೆಳಗೆ ಹೋಗುವವು ಮಾಯ. ಒಂದು ಬಾಗಿಲನ್ನು ತೆರೆದಾಗ ಒಂದು ಕಡೆ ಹೋಗುವವರ ಸಂಖ್ಯೆ ಸೊನ್ನೆಗೆ ಇಳಿಯುವುದು ಅಲೆಗಳಲ್ಲಿ ಮಾತ್ರ ಸಾಧ್ಯ: ಎರಡು ಕವಲುಗಳ ಕೊಡುಗೆಗಳು ‘ಕೆಳಗೆ’ ಎಂಬ ಕಡೆ ಒಂದನ್ನೊಂದು ರದ್ದು ಮಾಡುತ್ತವೆ, ‘ಮೇಲೆ’ ಎಂಬ ಕಡೆ ಕೂಡಿಕೊಳ್ಳುತ್ತವೆ. ಎರಡೂ ಕವಲು ಕೂಡಿದ ಸ್ಥಿತಿಗೆ ಎಡ-ಬಲದ ಉತ್ತರ ಇರಲಿಲ್ಲ. ಗುರುತು ಉಳಿದಾಗ ಮಾತ್ರ ಅದು ಉತ್ತರವಾಗುತ್ತದೆ.

ಹೇಳಿದಷ್ಟು ಸುಲಭವಲ್ಲ ಈ ಕೂಡಿಸುವಿಕೆ. ಎರಡು ಕವಲುಗಳನ್ನು ಸ್ಥಾನದಲ್ಲೂ ವೇಗದಲ್ಲೂ ನಂಬಲಾಗದ ನಿಖರತೆಯಿಂದ ಹೊಂದಿಸಬೇಕು. ನ್ಯೂಟ್ರಾನ್‌ಗಳಲ್ಲಿ ಮೇಲೆ-ಕೆಳಗೆ ಕವಲುಗಳನ್ನು ಕೂಡಿಸಿ ಅಡ್ಡ ದಿಕ್ಕಿನ ಸ್ಪಿನ್ ಪಡೆಯುವ ಪ್ರಯೋಗ 1980ರ ದಶಕದಲ್ಲೇ ಆಗಿತ್ತು. ಪರಮಾಣುಗಳನ್ನು ಸ್ಟರ್ನ್-ಗೆರ್ಲಾಖ್ ರೀತಿಯಲ್ಲಿ ಕಾಂತಗಳಿಂದಲೇ ಒಡೆದು ಕಾಂತಗಳಿಂದಲೇ ಪೂರ್ತಿಯಾಗಿ ಕೂಡಿಸಿದ ಸಾಧನೆಯನ್ನು ಇಸ್ರೇಲಿನ ಬೆನ್-ಗುರಿಯನ್ ವಿಶ್ವವಿದ್ಯಾಲಯದ ತಂಡ ಪ್ರಕಟಿಸಿದ್ದು 2021ರಲ್ಲಿ.

ಪಟ್ಟಿ ಇಟ್ಟುಕೊಂಡಿದ್ದರೆ?

ಹಠವಾದಿಯೊಬ್ಬರು ಇಷ್ಟಕ್ಕೂ ಜಗ್ಗದೆ ಇರಬಹುದು. ಎಲೆಕ್ಟ್ರಾನಿನೊಳಗೆ ನಮಗೆ ಕಾಣದ ಒಂದು ಪಟ್ಟಿ ಇದೆ ಎನ್ನಬಹುದು: ಲಂಬಕ್ಕೆ ಈ ಉತ್ತರ, ಅಡ್ಡಕ್ಕೆ ಆ ಉತ್ತರ, ಪ್ರತಿ ಓರೆಗೂ ಒಂದೊಂದು ಉತ್ತರ, ಅಳೆದಾಗಲೆಲ್ಲ ಪಟ್ಟಿ ಯಾವುದೋ ನಿಯಮದಂತೆ ಬದಲಾಗುತ್ತದೆ. ಇದನ್ನು ತಳ್ಳಿಹಾಕಲು ಒಂದೇ ಎಲೆಕ್ಟ್ರಾನಿನ ಮೇಲೆ ಎಷ್ಟು ಕಾಂತ ಇಟ್ಟರೂ ಆಗುವುದಿಲ್ಲ. ಉತ್ತರ ಐರ್ಲೆಂಡಿನ ಭೌತವಿಜ್ಞಾನಿ ಜಾನ್ ಬೆಲ್ ಸ್ವತಃ ಒಂಟಿ ಸ್ಪಿನ್‌ಗೆ ಹೊಂದುವ ಅಂಥ ಗುಪ್ತ ಉತ್ತರಗಳ ಮಾದರಿಯನ್ನು ರಚಿಸಿ ತೋರಿಸಿದ್ದರು. ಹಠವಾದಿಯ ಪರವಾಗಿ ಅಷ್ಟು ಪ್ರಾಮಾಣಿಕವಾಗಿ ವಾದಿಸಿದವರೇ, 1964ರಲ್ಲಿ, ಆ ವಾದವನ್ನು ಮುರಿಯುವ ದಾರಿಯನ್ನೂ ತೋರಿಸಿದರು. ಅದಕ್ಕೆ ಎರಡು ಎಲೆಕ್ಟ್ರಾನ್ ಬೇಕು.

ಎರಡು ಎಲೆಕ್ಟ್ರಾನ್‌ಗಳನ್ನು ಹೆಣೆದ ಜೋಡಿಯಾಗಿ ಸಿದ್ಧಪಡಿಸಬಹುದು. ಎರಡನ್ನೂ ಒಂದೇ ಅಕ್ಷದಲ್ಲಿ ಅಳೆದರೆ, ಆ ಅಕ್ಷ ಯಾವುದೇ ಆಗಿರಲಿ, ಉತ್ತರಗಳು ತಪ್ಪದೆ ವಿರುದ್ಧ: ಒಂದು +1 ಆದರೆ ಇನ್ನೊಂದು −1. ಇವನ್ನು ದೂರದೂರದ ಎರಡು ಪ್ರಯೋಗಾಲಯಗಳಿಗೆ ಒಯ್ಯೋಣ. ಪಟ್ಟಿ ವಾದಕ್ಕೆ ಇದು ತುಂಬ ಸಹಜ: ಹೊರಡುವಾಗಲೇ ಎರಡೂ ಒಂದಕ್ಕೊಂದು ವಿರುದ್ಧವಾದ ಪಟ್ಟಿಗಳನ್ನು ಹೊತ್ತು ಹೊರಟಿವೆ.

ಈಗ ಒಂದೇ ಸಮತಲದಲ್ಲಿ ಪರಸ್ಪರ 120 ಡಿಗ್ರಿ ದೂರದ ಮೂರು ದಿಕ್ಕುಗಳನ್ನು ಆರಿಸಿಕೊಳ್ಳಿ. ಒಂದು, ಎರಡು, ಮೂರು ಎನ್ನೋಣ. ಪ್ರತಿ ಸಲವೂ ಎರಡೂ ಪ್ರಯೋಗಾಲಯಗಳು ತಮಗೆ ತೋಚಿದ ದಿಕ್ಕಿನಲ್ಲಿ ಅಳೆಯುತ್ತವೆ, ಒಬ್ಬರ ಆಯ್ಕೆ ಇನ್ನೊಬ್ಬರಿಗೆ ತಿಳಿದಿರುವುದಿಲ್ಲ. ಇಬ್ಬರೂ ಬೇರೆ ಬೇರೆ ದಿಕ್ಕು ಆರಿಸಿದ ಸಂದರ್ಭಗಳನ್ನು ಮಾತ್ರ ನೋಡೋಣ. ಮೊದಲ ಎಲೆಕ್ಟ್ರಾನಿನ ಪಟ್ಟಿಯಲ್ಲಿ ಮೂರು ಉತ್ತರಗಳಿವೆ, ಆದರೆ ಉತ್ತರದ ಬಗೆಗಳು ಎರಡೇ. ಹಾಗಾಗಿ ಮೂರರಲ್ಲಿ ಕನಿಷ್ಠ ಎರಡು ಒಂದೇ ಆಗಿರಲೇಬೇಕು. ಮೂರು ದಿಕ್ಕುಗಳಿಂದ ಆರಿಸಬಹುದಾದ ಜೊತೆಗಳು ಮೂರು: ಒಂದು-ಎರಡು, ಎರಡು-ಮೂರು, ಒಂದು-ಮೂರು. ಇವುಗಳಲ್ಲಿ ಕನಿಷ್ಠ ಒಂದು ಜೊತೆಯಲ್ಲಿ ಪಟ್ಟಿಯ ಉತ್ತರಗಳು ಒಂದೇ. ಎರಡನೆಯ ಎಲೆಕ್ಟ್ರಾನಿನ ಪಟ್ಟಿ ತಿರುವುಮುರುವು ಆದ್ದರಿಂದ, ಅಂಥ ಜೊತೆಯನ್ನು ಅಳೆದಾಗ ಎರಡು ಪ್ರಯೋಗಾಲಯಗಳ ಉತ್ತರ ವಿರುದ್ಧವಾಗಿ ಬರುತ್ತದೆ. ಅಂದರೆ ಪಟ್ಟಿ ಹೇಗೇ ಇರಲಿ, ಎಷ್ಟೇ ಜಾಣತನದಿಂದ ಬರೆದಿರಲಿ, ದೀರ್ಘಕಾಲದಲ್ಲಿ ವಿರುದ್ಧ ಉತ್ತರಗಳು ಕನಿಷ್ಠ ಮೂರರಲ್ಲಿ ಒಂದು ಪಾಲು, ನೂರಕ್ಕೆ 33ಕ್ಕಿಂತ ತುಸು ಹೆಚ್ಚು, ಬರಲೇಬೇಕು.

ಕ್ವಾಂಟಮ್ ಲೆಕ್ಕ ಏನನ್ನುತ್ತದೆ? ಮೊದಲನೆಯದು ದಿಕ್ಕು ಒಂದರಲ್ಲಿ +1 ಎಂದರೆ ಎರಡನೆಯದು ಅದೇ ದಿಕ್ಕಿನಲ್ಲಿ −1 ಎಂದು ಸಿದ್ಧವಾದಂತೆ. ಅದನ್ನು 120 ಡಿಗ್ರಿ ದೂರದ ದಿಕ್ಕು ಎರಡರಲ್ಲಿ ಅಳೆದಾಗ −1 ಬರುವ ಸಂಭವನೀಯತೆ ಎಷ್ಟು? ಮೇಲೆ ಆಗಲೇ ಲೆಕ್ಕ ಹಾಕಿದ್ದೇವೆ: 120 ಡಿಗ್ರಿಗೆ ನೂರಕ್ಕೆ 25. ಪಟ್ಟಿಗೆ ಕನಿಷ್ಠ 33 ಬೇಕು, ಸೂತ್ರ 25 ಎನ್ನುತ್ತದೆ. ಎರಡೂ ಸರಿಯಿರಲು ಸಾಧ್ಯವಿಲ್ಲ, ಯಾವುದು ಸರಿ ಎಂಬುದನ್ನು ಎಣಿಸಿ ನೋಡಬಹುದು. ತತ್ವಜ್ಞಾನದ ಚರ್ಚೆ ಎಣಿಕೆಯ ಪ್ರಶ್ನೆಯಾಗಿ ಬದಲಾದ ಇಂಥ ಕ್ಷಣಗಳು ವಿಜ್ಞಾನದ ಇತಿಹಾಸದಲ್ಲಿ ಹೆಚ್ಚಿಲ್ಲ.

1970ರ ದಶಕದಿಂದ ಬೆಳಕಿನ ಕಣಗಳ ಜೋಡಿಗಳ ಮೇಲೆ ಎಣಿಕೆ ನಡೆಯಿತು. ಅದಕ್ಕಾಗಿ ಅಲೈನ್ ಆಸ್ಪೆ, ಜಾನ್ ಕ್ಲೌಸರ್, ಆಂಟನ್ ಝೈಲಿಂಗರ್ ಅವರಿಗೆ 2022ರ ನೊಬೆಲ್ ಬಂತು. ಎಲೆಕ್ಟ್ರಾನ್ ಸ್ಪಿನ್‌ಗಳ ಮೇಲೆಯೇ ಗಟ್ಟಿಯಾದ ಪರೀಕ್ಷೆ ನಡೆದದ್ದು 2015ರಲ್ಲಿ, ನೆದರ್ಲೆಂಡ್ಸ್‌ನ ಡೆಲ್ಫ್ಟ್‌ನಲ್ಲಿ. 1.3 ಕಿಲೋಮೀಟರ್ ಅಂತರದಲ್ಲಿದ್ದ ಎರಡು ವಜ್ರದ ಹರಳುಗಳಲ್ಲಿ ಒಂದೊಂದು ಎಲೆಕ್ಟ್ರಾನ್ ಸ್ಪಿನ್ ಹಿಡಿದಿಟ್ಟು, ಅವನ್ನು ಬೆಳಕಿನ ಕಣಗಳ ಮೂಲಕ ಹೆಣೆದರು. ಅಷ್ಟು ದೂರ ಸಾಗಲು ಬೆಳಕಿಗೂ ನಾಲ್ಕು ಮೈಕ್ರೊಸೆಕೆಂಡಿಗಿಂತ ಹೆಚ್ಚು ಬೇಕು. ಅದಕ್ಕೆ ಮೊದಲೇ ಎರಡೂ ಕಡೆ ದಿಕ್ಕನ್ನು ಯಾದೃಚ್ಛಿಕವಾಗಿ ಆರಿಸಿ ಅಳತೆ ಮುಗಿಸಿದರು, ಒಂದು ಎಲೆಕ್ಟ್ರಾನ್ ಇನ್ನೊಂದಕ್ಕೆ ಸುದ್ದಿ ಮುಟ್ಟಿಸಲು ಸಮಯವೇ ಇರಲಿಲ್ಲ. ಅವರು ಬಳಸಿದ್ದು ನಾನು ಹೇಳಿದ ಮೂರು ದಿಕ್ಕುಗಳ ಆಟವನ್ನಲ್ಲ, ಅದರ ಸೋದರ ರೂಪವನ್ನು. ಅದರಲ್ಲಿ ಎರಡೂ ಕಡೆಯ ಉತ್ತರಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಎಂಬುದನ್ನು ಒಂದು ಸಂಖ್ಯೆಯಾಗಿ ಲೆಕ್ಕ ಹಾಕುತ್ತಾರೆ. ಪಟ್ಟಿಗಳಿದ್ದರೆ ಆ ಸಂಖ್ಯೆ 2ನ್ನು ಮೀರಲಾರದು. ಕ್ವಾಂಟಮ್ ಲೆಕ್ಕದ ಗರಿಷ್ಠ ಮಿತಿ ಸುಮಾರು 2.83. 245 ಸಲದ ಅಳತೆಗಳಿಂದ ಸಿಕ್ಕ ಸಂಖ್ಯೆ 2.42.

ಪಟ್ಟಿ ವಾದಕ್ಕೆ ಇನ್ನು ಉಳಿದಿರುವ ಓಣಿಗಳು ಕಿರಿದು. ಭೌತವಿಜ್ಞಾನಿ ಡೇವಿಡ್ ಬೋಮ್ ಅವರ ಸಿದ್ಧಾಂತದಲ್ಲಿ ಕಣಗಳಿಗೆ ಖಚಿತ ಸ್ಥಾನಗಳಿವೆ. ಆದರೆ ಅಲ್ಲಿಯೂ ಸ್ಪಿನ್ ಉತ್ತರ ಎಲೆಕ್ಟ್ರಾನಿನೊಳಗೆ ಬರೆದಿಟ್ಟಿಲ್ಲ. ಅದು ಕಾಂತವನ್ನು ಹೇಗಿಟ್ಟಿದ್ದೀರಿ ಎಂಬುದನ್ನು, ದೂರದ ಜೊತೆಗಾರನನ್ನು ಹೇಗೆ ಅಳೆದರು ಎಂಬುದನ್ನೂ ಅವಲಂಬಿಸುತ್ತದೆ. ಯಾವ ಅಕ್ಷಕ್ಕೂ ಉತ್ತರ ಮೊದಲೇ ತನ್ನ ಪಾಡಿಗೆ ತಾನು ಇತ್ತು ಎಂಬ ಮುಗ್ಧ ಚಿತ್ರವನ್ನು ಅದೂ ಉಳಿಸಿಕೊಡುವುದಿಲ್ಲ.

ಇದರಿಂದ ಒಂದು ಕುತೂಹಲದ ಪರಿಣಾಮವಿದೆ. ಯಾರೋ ಒಂದು ಎಲೆಕ್ಟ್ರಾನನ್ನು ಯಾವುದೋ ದಿಕ್ಕಿಗೆ ಸಿದ್ಧಪಡಿಸಿ, ದಿಕ್ಕನ್ನು ಹೇಳದೆ ನಿಮಗೆ ಕೊಟ್ಟರೆ, ಆ ದಿಕ್ಕನ್ನು ನೀವು ಕಂಡುಹಿಡಿಯಲಾರಿರಿ. ಒಂದು ಅಕ್ಷ ಆರಿಸಿ ಒಂದು ‘ಹೌದು’ ಅಥವಾ ‘ಅಲ್ಲ’ ಪಡೆಯಬಹುದು, ಅಷ್ಟಕ್ಕೆ ಹಳೆಯ ದಿಕ್ಕು ಅಳಿಸಿಹೋಗಿರುತ್ತದೆ. ಅದೇ ರೀತಿ ಸಿದ್ಧಪಡಿಸಿದ ಸಾವಿರಾರು ಪ್ರತಿಗಳನ್ನು ಕೊಟ್ಟರೆ ಮಾತ್ರ ಮೂರು ಅಕ್ಷಗಳಿಗೆ ಹಂಚಿ, ಮೂರು ಸರಾಸರಿ ತೆಗೆದು, ದಿಕ್ಕನ್ನು ಲೆಕ್ಕ ಹಾಕಬಹುದು. ಕ್ವಾಂಟಮ್ ಕಂಪ್ಯೂಟರ್ ಕಟ್ಟುವವರು ತಮ್ಮ ಕ್ಯೂಬಿಟ್, ಅಂದರೆ ಇಂಥ ಎರಡೇ ಉತ್ತರಗಳ ಕ್ವಾಂಟಮ್ ಘಟಕ, ಸರಿಯಾಗಿದೆಯೇ ಎಂದು ನೋಡಲು ದಿನವೂ ಮಾಡುವ ಕೆಲಸ ಇದೇ.

ಈ ಮಿತಿಯನ್ನು ಗುಟ್ಟು ಕಾಯಲು ಬಳಸಬಹುದು ಎಂದು ಚಾರ್ಲ್ಸ್ ಬೆನೆಟ್ ಮತ್ತು ಝಿಲ್ ಬ್ರಸಾರ್ 1984ರಲ್ಲಿ ತೋರಿಸಿದರು. ಕಳುಹಿಸುವವರು ಪ್ರತಿ ಕಣವನ್ನೂ ಲಂಬ ಅಥವಾ ಅಡ್ಡ ಅಕ್ಷದಲ್ಲಿ, ಮನಬಂದಂತೆ ಆರಿಸಿ, ಸಿದ್ಧಪಡಿಸುತ್ತಾರೆ. ಪಡೆಯುವವರೂ ಮನಬಂದಂತೆ ಅಕ್ಷ ಆರಿಸಿ ಅಳೆಯುತ್ತಾರೆ. ಆಮೇಲೆ ಉತ್ತರಗಳನ್ನು ಹೇಳದೆ ಅಕ್ಷಗಳನ್ನು ಮಾತ್ರ ಬಹಿರಂಗವಾಗಿ ಹೋಲಿಸಿ, ಹೊಂದಿದವನ್ನು ಉಳಿಸಿಕೊಳ್ಳುತ್ತಾರೆ. ಉಳಿದ ಉತ್ತರಗಳ ಸಾಲೇ ರಹಸ್ಯ ಕೀಲಿ. ವ್ಯವಹಾರದಲ್ಲಿ ಇದಕ್ಕೆ ಎಲೆಕ್ಟ್ರಾನ್ ಬದಲು, ದೂರ ಸಾಗಬಲ್ಲ ಬೆಳಕಿನ ಕಣಗಳ ಧ್ರುವೀಕರಣವನ್ನು ಬಳಸುತ್ತಾರೆ. ಗಾಳಿಯಲ್ಲಿ ಹಾಯಿಸಿದ ಬೆಳಕಿನ ಮೂಲಕ ಇಂಥ ಕ್ವಾಂಟಮ್ ಕೀಲಿಯನ್ನು 2021ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಆವರಣದಲ್ಲಿ, 50 ಮೀಟರ್ ಅಂತರದ ಎರಡು ಕಟ್ಟಡಗಳ ನಡುವೆ ಹಂಚಿಕೊಂಡು ತೋರಿಸಿದರು. ನಡುವೆ ಕದ್ದು ನೋಡುವವರಿಗೆ ಯಾವ ಅಕ್ಷ ಎಂದು ಗೊತ್ತಿರುವುದಿಲ್ಲ. ಅರ್ಧದಷ್ಟು ಸಲ ತಪ್ಪು ಅಕ್ಷದಲ್ಲಿ ಕೇಳುತ್ತಾರೆ, ಹಾಗೆ ಕೇಳಿದ ಕಣಗಳಲ್ಲಿ ಅರ್ಧದಷ್ಟು ಮುಂದೆ ತಪ್ಪು ಉತ್ತರ ಕೊಡುತ್ತವೆ. ಹೀಗೆ ಅವರು ಪ್ರತಿ ಕಣವನ್ನೂ ಹಿಡಿದು ನೋಡಿ ಕಳುಹಿಸಿದರೆ ಕೀಲಿಯಲ್ಲಿ ನೂರಕ್ಕೆ 25ರಷ್ಟು ತಪ್ಪು ನುಸುಳುತ್ತದೆ. ಕೀಲಿಯ ಒಂದಿಷ್ಟು ಭಾಗವನ್ನು ಪರಸ್ಪರ ಓದಿ ಹೋಲಿಸಿದರೆ ಸಾಕು, ಕಳ್ಳ ಸಿಕ್ಕಿಬೀಳುತ್ತಾನೆ. ಆ ಕೀಲಿಯನ್ನು ಬಿಸಾಡಿ ಹೊಸದನ್ನು ಶುರುಮಾಡುತ್ತಾರೆ.